ನಡುಮನೆ ನೆಲಕ್ಕೆ ಶೀಟ್ ಬೇಕಾ?

ಗುಂಪು: ತೀರ್ಥಹಳ್ಳಿ ಮನೆಯವರು

ಬೆಂಗಳೂರು ಅಣ್ಣ: (ವಿಡಿಯೊ: ಹಳೇ ನೆಲಕ್ಕೆ ವಿನೈಲ್ ಶೀಟ್, ಒಂದೇ ದಿನದ ಕೆಲಸ)
ನಡುಮನೆಗೂ ಒಳಕೋಣೆಗೂ ಇದನ್ನೇ ಹಾಕೋಣ. ಒಡೆಯೋದಿಲ್ಲ, ಧೂಳಿಲ್ಲ. ಸಂಕ್ರಾಂತಿಗೆ ಬಂದಾಗ ನಾನೇ ಅಂಟಿಸ್ತೀನಿ.

ಸಾಗರದ ಅತ್ತೆ: ಆ ಕೆಂಪು ನೆಲ ಮುಚ್ಚೋದಾ? ಅಪ್ಪಯ್ಯ ನಿಂತು ಹಾಕಿಸಿದ್ದು ಮಾರಾಯ. ಕೊಬ್ಬರಿ ಎಣ್ಣೆ ಬಟ್ಟೆ ಹಿಡ್ಕೊಂಡು ನಾವೆಲ್ಲ ಮಂಡಿಯೂರಿ ಉಜ್ಜಿದ ನೆಲ.

ಬೆಂಗಳೂರು ಅಣ್ಣ: ಅತ್ತೆ, ಆಷಾಢದಲ್ಲಿ ಅಮ್ಮ ಜಾರಿ ಬಿದ್ದಿದ್ದೂ ಅದೇ ನೆಲದ ಮೇಲೆ. ಮೂರು ವಾರ ಕೈಗೆ ಪಟ್ಟಿ. ನೆಲ ಬೆವರುತ್ತೆ, ಬಿರುಕು ಬಿಟ್ಟಿದೆ, ಅಡುಗೆಮನೆ ಬಾಗಿಲ ಹತ್ರ ಒಂದು ಚಕ್ಕೆ ಎದ್ದೇ ಬಂದಿದೆ. ನೆಲದ ಚಂದಕ್ಕಿಂತ ನನಗೆ ಅಮ್ಮನ ಸೊಂಟ ಮುಖ್ಯ.

ನಾನು: ಅಣ್ಣ, ದೊಡ್ಡಮ್ಮನ ವಿಷಯದಲ್ಲಿ ನಿನ್ನ ಮಾತಿಗೆ ಎದುರಿಲ್ಲ. ಆದ್ರೆ ಶೀಟ್ ಹಾಕಿದ್ರೆ ಕೆಳಗಿಂದ ಬರೋ ನೀರು ನಿಲ್ಲಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೆ. ಶಿವಮೊಗ್ಗದಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೇಲಿ ಹೀಗೇ ಅಂಟಿಸಿದ್ವಿ. ಎರಡು ಮಳೆಗಾಲ ಕಳೆಯೋದ್ರೊಳಗೆ ಕೋಣೆ ತುಂಬ ಮುಗ್ಗಲು ವಾಸನೆ. ಮೂಲೆ ಹಿಡಿದು ಎತ್ತಿದ್ರೆ ಅಂಟು ಬೆಲ್ಲದ ಪಾಕದ ಹಾಗೆ ಜಿಗುಟಾಗಿತ್ತು, ಅಡಿಯಲ್ಲೆಲ್ಲ ಕಪ್ಪು ಬೂಷ್ಟು. ಮಗುಗೆ ಕೆಮ್ಮು ಬೇರೆ.

ಬೆಂಗಳೂರು ಅಣ್ಣ: ವಿಡಿಯೊದಲ್ಲಿರೋದೂ ಹಳೇ ನೆಲವೇ ಅಲ್ವಾ?

ನಾನು: ಅದು ಮೂರನೇ ಮಹಡಿ ಅಣ್ಣ, ಕಿಟಕಿ ಆಚೆ ನೋಡು. ಅದರ ಕೆಳಗಿರೋದು ಇನ್ನೊಬ್ಬರ ಮನೆ. ಅಲ್ಲಿ ಶೀಟ್ ಚೆನ್ನಾಗೇ ಕೂರುತ್ತೆ. ನಮ್ಮ ನೆಲದ ಕೆಳಗೆ ಬಡಿದು ಕೂರಿಸಿದ ಮಣ್ಣು, ಅದರ ಮೇಲೆ ಗಾರೆ. ನಡುವೆ ನೀರು ತಡೆಯೋ ಪದರವೇ ಇಲ್ಲ. ಬತ್ತಿ ಎಣ್ಣೆ ಎಳ್ಕೊಂಡ ಹಾಗೆ ಮಣ್ಣಿನ ತೇವ ಮೇಲೆ ಬಂದು ಆರಿ ಹೋಗುತ್ತೆ. ಆ ದಾರಿ ಮುಚ್ಚಿದ್ರೆ ತೇವ ಗೋಡೆ ಬುಡಕ್ಕೆ ನುಗ್ಗುತ್ತೆ. ನಮ್ಮದು ಮಣ್ಣಿನ ಗೋಡೆ.

ಬೆಂಗಳೂರು ಅಣ್ಣ: ಮಳೆಗಾಲದಲ್ಲಿ ಮಲೆನಾಡಿನ ಯಾವ ನೆಲ ಬೆವರಲ್ಲ ಹೇಳು?

ನಾನು: ಅದೂ ನಿಜ. ತಣ್ಣನೆ ನೆಲಕ್ಕೆ ಗಾಳಿಯ ತೇವ ತಾಗಿಯೂ ನೀರಾಗುತ್ತೆ. ಅದಕ್ಕೇ ಯಾವುದು ಅಂತ ಮೊದಲು ನೋಡ್ಬೇಕು. ದೊಡ್ಡಪ್ಪ, ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಎರಡು ತುಂಡು ಮಾಡಿ. ಒಂದು ಜಗಲಿ ಕಡೆ, ಒಂದು ಹಿತ್ತಲ ಗೋಡೆ ಹತ್ರ. ನಾಲ್ಕು ಅಂಚಿಗೂ ಟೇಪ್ ಹಚ್ಚಿ ನಾಳೆ ಇಷ್ಟು ಹೊತ್ತಿನ ತನಕ ಬಿಡಿ. ಹನಿ ಪ್ಲಾಸ್ಟಿಕ್ ಅಡಿಗೆ ಕಟ್ಟಿದ್ರೆ ನೀರು ನೆಲದ್ದು, ಮೇಲೆ ಕಟ್ಟಿದ್ರೆ ಗಾಳಿದು.

ದೊಡ್ಡಪ್ಪ: ಆಯ್ತು ಮಗಾ. ಅಡಿಕೆ ಒಣಗಿಸೋ ಪ್ಲಾಸ್ಟಿಕ್ ಇದೆ.

ಸಾಗರದ ಅತ್ತೆ: ಮತ್ತೆ ಆ ಬಿರುಕಿಗೆ ಎಂತ ಮಾಡ್ತಿ?

ನಾನು: ಅದು ನಾವೇ ಮಾಡೋ ಕೆಲಸ ಅತ್ತೆ. ಮೊದಲು ಕೋಲಿನ ತುದಿಯಿಂದ ಇಡೀ ನೆಲ ತಟ್ಟಿ ನೋಡೋದು. ಟೊಳ್ಳು ಶಬ್ದ ಬಂದಲ್ಲಿ ಮೇಲಿನ ಗಾರೆ ಬಿಟ್ಟಿದೆ ಅಂತ, ಅಷ್ಟು ಭಾಗ ಕೊರೆದು ತೆಗೀಬೇಕು. ಕೂದಲೆಳೆ ಬಿರುಕು ಮುಟ್ಟೋದೇ ಬೇಡ. ದೊಡ್ಡ ಬಿರುಕನ್ನ ಉಳಿಯಲ್ಲಿ ಸ್ವಲ್ಪ ಅಗಲಿಸಿ, ಧೂಳು ಪೂರ್ತಿ ಗುಡಿಸಿ, ನೀರು ಕುಡಿಸಿ, ಸಿಮೆಂಟ್ ಹಾಲು ಬಳಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸಣ್ಣ ಮರಳು ಹಾಕಿ ತುಂಬೋದು. ರೆಡ್ ಆಕ್ಸೈಡ್ ಸಿಮೆಂಟಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಮೀರಿದ್ರೆ ಗಾರೆ ಸಡಿಲ. ಬಣ್ಣ ಮಾತ್ರ ಹಸಿಯಲ್ಲಿ ನೋಡಿ ನಂಬ್ಬೇಡಿ. ಮೂರು ಹದದಲ್ಲಿ ಹಂಚಿನ ಚೂರಿನ ಮೇಲೆ ಬಳಿದು, ಒಣಗಿದ ಮೇಲೆ ನೆಲದ ಪಕ್ಕ ಇಟ್ಟು ಆರಿಸೋಣ. ಆಮೇಲೆ ಏಳು ದಿನ ಒದ್ದೆ ಗೋಣಿಚೀಲ ಆರದ ಹಾಗೆ ನೋಡ್ಕೋಬೇಕು. ಅವಸರ ಮಾಡಿದ್ರೆ ಅದೇ ಜಾಗ ಮತ್ತೆ ಸೀಳುತ್ತೆ. ಕೈಗೆ ಗ್ಲೌಸ್ ಬೇಕೇ ಬೇಕು, ಸಿಮೆಂಟ್ ಚರ್ಮ ತಿನ್ನುತ್ತೆ.
ಅತ್ತೆ, ಬೇಜಾರಾಗ್ಬೇಡಿ, ಎಣ್ಣೆ ಉಜ್ಜೋದು ಇನ್ನು ಬೇಡ. ಎಣ್ಣೆ ಮೇಲೆ ತೇವ ಕೂತ್ರೆ ಯಾರಾದ್ರೂ ಜಾರ್ತಾರೆ.

ಸಾಗರದ ಅತ್ತೆ: ಅತ್ತಿಗೆ ಬೀಳೋದಕ್ಕಿಂತ ನೆಲ ಮಂಕಾಗಿರಲಿ ಬಿಡು.

*ಮರುದಿನ ಸಂಜೆ*

ದೊಡ್ಡಪ್ಪ: (ಎರಡು ಫೋಟೊ)
ಜಗಲಿ ಕಡೆದು ಒಣಗಿದೆ. ಹಿತ್ತಲ ಗೋಡೆ ಹತ್ರದ್ದು ನೋಡಿ, ಅಡಿಗೆ ಹನಿ ಕಟ್ಟಿ ಹರೀತಾ ಇದೆ. ಮಳೆ ನಿಂತು ತಿಂಗಳಾಯ್ತು.

ನಾನು: ದೊಡ್ಡಪ್ಪ, ಹಿಂದಿನ ಧರೆ ಬುಡದ ಕಾಲುವೆ ಹೇಗಿದೆ?

ದೊಡ್ಡಪ್ಪ: ಹೋದ ವರ್ಷ ಧರೆ ಜರಿದು ಮುಚ್ಚಿತ್ತಲ್ಲ, ಆಳು ಸಿಗದೆ ಅರ್ಧ ಮಾತ್ರ ತೆಗೆಸಿದ್ದು. ಈಗ ಹೋಗಿ ನೋಡಿದೆ. ಉಳಿದರ್ಧದಲ್ಲಿ ಮಣ್ಣು ನಮ್ಮ ನೆಲಕ್ಕಿಂತ ಒಂದು ಗೇಣು ಎತ್ತರ ಕೂತಿದೆ. ಸೂರಿನ ನೀರೂ ಅಲ್ಲೇ ಬೀಳೋದು.

ಬೆಂಗಳೂರು ಅಣ್ಣ: ಹಾಗಾದ್ರೆ ಶೀಟ್ ಮಾತು ಬಿಡ್ತೀನಿ. ಆದ್ರೆ ನೆಲ ಆರೋ ತನಕ ಅಮ್ಮ ರಾತ್ರಿ ಬಚ್ಚಲಿಗೆ ಹೋಗೋ ದಾರಿ ಹಾಗೇ ಬಿಡಕ್ಕಾಗಲ್ಲ. ಗೋಡೆಗೆ ಹಿಡ್ಕೊಳ್ಳೋ ಕಂಬಿ, ಒಂದು ಬಲ್ಬು, ಇದಕ್ಕೆ ಯಾರೂ ಬೇಡ ಅನ್ನಬಾರದು.

ನಾನು: ಕಂಬಿ ಮೊದಲು ಅಣ್ಣ. ಕಾಲುವೆ ಈಗ, ಗಾರೆ ಫೆಬ್ರವರಿಗೆ. ಆ ಹೊತ್ತಿಗೆ ಪ್ಲಾಸ್ಟಿಕ್ ಹಾಕಿ ಮತ್ತೊಮ್ಮೆ ನೋಡೋಣ.

ಬೆಂಗಳೂರು ಅಣ್ಣ: ಸಂಕ್ರಾಂತಿ ತನಕ ಕಾಯಲ್ಲ, ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ. ಶನಿವಾರ ನೀನೂ ಬಾ.

ದೊಡ್ಡಪ್ಪ: ಗುದ್ದಲಿ ಕಾವು ಮುರಿದಿದೆ. ಪೇಟೆಯಲ್ಲಿ ಇಳಿದಾಗ ಒಂದು ತಗೊಂಡು ಬಾ.