ವಾಗ್ದಾನ ಕಾರ್ಡಲ್ಲಿ ಯೆರೆಮೀಯ 29:11 ಬಂತು, ಜರ್ಮನ್ ಬಿ2 ಪರೀಕ್ಷೆ ಮಾತ್ರ ಎರಡು ಸಲ ಫೇಲು

ಬೆಟಗೇರಿ_ಹುಡುಗಿ:
ಎಲ್ಲರಿಗೂ ವಂದನೆ. ನಾನು ಸ್ಟಾಫ್ ನರ್ಸ್, ಬೆಂಗಳೂರಲ್ಲಿ ಕೆಲಸ. ಜರ್ಮನಿಗೆ ಹೋಗ್ಬೇಕು ಅಂತ ಎರಡು ವರ್ಷದಿಂದ ನೈಟ್ ಡ್ಯೂಟಿ ಮುಗಿಸ್ಕೊಂಡು ಹಾಗೇ ಜರ್ಮನ್ ಕ್ಲಾಸಿಗೆ ಓಡ್ತಿದೀನಿ. ಡಿಸೆಂಬರ್ 31ರ ರಾತ್ರಿ ಆರಾಧನೆಲಿ ವಾಗ್ದಾನ ಕಾರ್ಡ್ (ಹೊಸ ವರ್ಷಕ್ಕೆ ಅಂತ ಒಂದು ಬೈಬಲ್ ವಚನ ಬರೆದಿರೋದು) ತೆಗೆದ್ರೆ ಯೆರೆಮೀಯ 29:11 ಬಂತು, ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿಂದಲ್ಲ, ಹಿತದ್ದು, ನಿಮಗೆ ನಿರೀಕ್ಷೆ ಕೊಡ್ತೀನಿ ಅನ್ನೋ ದೇವರ ಮಾತು, ಅಮ್ಮ ಅಲ್ಲೇ ಅತ್ಬಿಟ್ರು, ದೇವರು ಉತ್ತರ ಕೊಟ್ಟಾಯ್ತು ಅಂತ. ಆಮೇಲೆ ಜರ್ಮನ್ ಭಾಷೆಯ ಬಿ2 ಪರೀಕ್ಷೆ ಲಿಸನಿಂಗಲ್ಲಿ (ಕೇಳಿಸ್ಕೊಂಡು ಉತ್ತರಿಸೋ ಭಾಗ) ಎರಡು ಸಲ ಫೇಲ್, ಮೊನ್ನೆ 53 ಬಂತು, ಪಾಸಾಗೋಕೆ 60 ಬೇಕು. ಈಗ ಸಭೆಲಿ ಅರ್ಧ ಜನ "ದೇವರ ಚಿತ್ತ ಇಲ್ಲ ಬಿಡು, ಮದುವೆ ಮಾಡ್ಕೋ" ಅಂತಾರೆ, ಇನ್ನರ್ಧ "ನಿನಗೆ ವಿಶ್ವಾಸ ಸಾಲ್ದು" ಅಂತಾರೆ. ನಿನ್ನ ಪ್ಲಾನ್ ಬಿಟ್ಟು ದೇವರ ಪ್ಲಾನ್ ನಂಬು ಅಂದ್ರೆ ನಾನು ಮಾಡ್ಬೇಕಾಗಿರೋದು ಏನು? ಮೂರನೇ ಸಲ ಫೀಸ್ ಕಟ್ಲಾ ಬೇಡ್ವಾ?

ಕರ್ತನ_ಮಗ:
ಪ್ರೈಸ್ ದ ಲಾರ್ಡ್ ಸಿಸ್ಟರ್. 3 ದಿನ ಉಪವಾಸ ಇದ್ದು ಕೇಳಿ, ಖಂಡಿತ ಮಾತಾಡ್ತಾರೆ 🙏

ಬಲ್ಮಠ_ಅಂಕಲ್:
ಮಗಾ, ಕಾರ್ಡಲ್ಲಿ ಜಾಗ ಕಮ್ಮಿ, ಒಂದೇ ವಚನ ಹಾಕ್ತಾರೆ. ಅದರ ಹಿಂದಿನ 10ನೇ ವಚನ ಓದು, 70 ವರ್ಷ ಆದ್ಮೇಲೆ ವಾಪಸ್ ಕರ್ಕೊಂಡು ಬರ್ತೀನಿ ಅಂತಿದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಪ್ರವಾದಿ ಯೆರೂಸಲೇಮಿಂದ ಬರೆದ ಕಾಗದ ಅದು, ಅದನ್ನ ಓದಿದ ದೊಡ್ಡವರಲ್ಲಿ ಮುಕ್ಕಾಲು ಪಾಲು ಜನ ತಿರುಗಿ ಊರು ನೋಡಿರಲ್ಲ. 28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋನು ಬರೀ ಎರಡು ವರ್ಷ ಅಂತ ಹೇಳಿ ಬಾಬೆಲಿನ ಆಳ್ವಿಕೆಗೆ ಗುರುತಾಗಿ ಯೆರೆಮೀಯ ಕುತ್ತಿಗೆ ಮೇಲೆ ಹಾಕ್ಕೊಂಡಿದ್ದ ನೊಗನ ಎಲ್ಲರೆದುರು ಮುರಿದು ಹಾಕ್ತಾನೆ, ಕೇಳೋಕೆ ಎಷ್ಟು ಚೆಂದ, ಆದ್ರೆ ಸುಳ್ಳು. ಯೆರೆಮೀಯ ಬರೆದಿದ್ದು ಇಷ್ಟೇ, ಮನೆ ಕಟ್ಟಿ, ತೋಟ ಮಾಡಿ, ಮದುವೆ ಆಗಿ, ಆ ಊರಿಗಾಗಿ ಪ್ರಾರ್ಥನೆ ಮಾಡಿ. (ಮದುವೆ ವಿಷಯ ನಿಮ್ಮಮ್ಮಂಗೆ ತೋರಿಸ್ಬೇಡ.)
ನಮ್ಮ ಮಂಗಳೂರೇ ನೋಡು, 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಬಂದಿದ್ದು ಸುವಾರ್ತೆ ಸಾರೋಕೆ. ಸಭೆಗೆ ಸೇರಿದವರನ್ನ ಮನೆಯವರು ಜಾತಿಯವರು ಹೊರಗೆ ಹಾಕಿದ್ರು, ಹೊಟ್ಟೆಪಾಡಿಗೆ ದಾರಿ ಇಲ್ಲ, ಅದಕ್ಕೇ ಮಗ್ಗ ಹಾಕಿದ್ರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದ್ರು. ಹಂಚು ಸುಡೋ ಪ್ಲಾನ್ ಇಟ್ಕೊಂಡು ಯಾವ ಪಾದ್ರಿ ಹಡಗು ಹತ್ತಿರ್ತಾನೆ ಹೇಳು.

ಹುಬ್ಳಿ_ಮಂದಿ:
ತಂಗೀ, ಬಾಗ್ಲಾ ಮುಚ್ಚೇತಿ ಅಂತ ಪೌಲ ಮನೀಗ ಹೋಗಿ ಕುಂದರಲಿಲ್ಲವಾ. ಆಸ್ಯ ಸೀಮ್ಯಾಗ ಸುವಾರ್ತೆ ಸಾರಬ್ಯಾಡ ಅಂತು ಪವಿತ್ರಾತ್ಮ, ಬಿಥೂನ್ಯಕ್ಕ ಹೊಂಟ್ರ ಅಲ್ಲೂ ಬಿಡಲಿಲ್ಲ, ನಡಕೋತ ನಡಕೋತ ತ್ರೋವಕ್ಕ ಬಂದ ಮ್ಯಾಲ ರಾತ್ರಿ ದರ್ಶನದಾಗ ಮಕೆದೋನ್ಯದಾಂವ ಕರದ. ಅಪೊಸ್ತಲರ ಕೃತ್ಯ 16. ಫೀಸ್ ಕಟ್ಟೋದ ಆದ್ರ ಕಟ್ಟು, ಆದ್ರ ಈ ಸಲ ಲಿಸನಿಂಗಿಗೆ ಜರ್ಮನ್ ರೇಡಿಯೋ ದಿನಾ ಕೇಳು, ಉಪವಾಸದಿಂದ ಕಿವಿ ತಯಾರ್ ಆಗೂದಿಲ್ಲ.

ದೀಪದ_ಬತ್ತಿ:
ನಂದು ಸ್ವಲ್ಪ ಬೇರೆ. 2021ರಲ್ಲಿ ನಮ್ಮೆಜಮಾನ್ರು ಹೋದ್ರು, ಮಣ್ಣು ಮಾಡಿ ಬಂದು ಇನ್ನೂ ಕಾಲು ತೊಳೆದಿಲ್ಲ, ಒಬ್ರು "ಎಲ್ಲಾ ದೇವರ ಪ್ಲಾನ್ ಅಮ್ಮಾ" ಅಂದ್ರು. ನಾನು ಎದ್ದು ಟೀ ಇಡೋಕೆ ಒಳಗೆ ಹೋದೆ, ಇಲ್ದಿದ್ರೆ ಏನೋ ಅಂದ್ಬಿಡ್ತಿದ್ದೆ. ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿನೂ ಈ ಪಾತ್ರೆ (ಈ ಕಷ್ಟ) ನನ್ನಿಂದ ತೊಲಗಲಿ ಅಂತ ಮೊದಲು ಕೇಳ್ಕೊಂಡ್ರು. ನಿನ್ನ ಚಿತ್ತದಂತೆ ಆಗಲಿ ಅನ್ನೋ ಮಾತು ಅವರೇ ಆಡಿದ್ದು, ಪಕ್ಕದಲ್ಲಿದ್ದ ಶಿಷ್ಯರು ಆಡಿದ್ದಲ್ಲ, ಅವರು ನಿದ್ದೆ ಮಾಡ್ತಿದ್ರು. ಸಭೆಯವರು ನಿಂಗೆ ಹೇಳ್ತಿರೋದನ್ನೂ ಪಕ್ಕದಲ್ಲಿದ್ದವರ ಮಾತು ಅಂತಲೇ ತಗೋ.

ಬೆಟಗೇರಿ_ಹುಡುಗಿ:
ಅಕ್ಕಾ, ಎರಡು ಸಲ ಓದಿದೆ. ಅಂಕಲ್, ಅಧ್ಯಾಯ ಪೂರ್ತಿ ಬಸ್ಸಲ್ಲೇ ಓದಿ ಮುಗಿಸ್ದೆ, ಕಾರ್ಡ್ ಪರ್ಸಲ್ಲೇ ಇದೆ, ತೆಗೆದಿಲ್ಲ. ಹೌದ್ರಿ ಅಣ್ಣಾ, ರೇಡಿಯೋ ಹಚ್ಚೀನಿ. ಫೀಸ್ ಸಂಬಳ ಬಂದ್ಮೇಲೆ ನೋಡ್ತೀನಿ. ಅಮ್ಮಂಗೆ ಮಾತ್ರ ಮದುವೆ ಆಗಿ ಅನ್ನೋ 6ನೇ ವಚನ ಆಗ್ಲೇ ಸಿಕ್ಬಿಟ್ಟಿದೆ.