ಜೆ.ಲೀಗ್‌ನ ಮೊದಲ ಋತು: ಜನರನ್ನು ಸೆಳೆದದ್ದು ತಾರೆಯರೋ, ಊರಿನ ಹೆಸರೋ?

ಪ್ರಶ್ನೆ

1993ರಲ್ಲಿ ಜಪಾನಿನಲ್ಲಿ ಆರಂಭವಾದ ವೃತ್ತಿಪರ ಫುಟ್‌ಬಾಲ್ ಲೀಗಿನ ಬಗ್ಗೆ ಓದುತ್ತಿದ್ದೇನೆ. ಜೀಕೊ, ಲಿನೇಕರ್, ಲಿಟ್‌ಬಾರ್ಸ್ಕಿ ಮುಂತಾದ ವಿದೇಶಿ ಆಟಗಾರರು ಬಂದದ್ದರಿಂದಲೇ ಕ್ರೀಡಾಂಗಣಗಳು ತುಂಬಿದವು ಎಂಬ ಮಾತು ಎಲ್ಲೆಡೆ ಕಾಣುತ್ತದೆ. 1965ರಿಂದ 1992ರವರೆಗೆ ನಡೆದ ಕಂಪನಿ ತಂಡಗಳ ಲೀಗಿನತ್ತ ಸುಳಿಯದ ಜನರನ್ನು ಬೆರಳೆಣಿಕೆಯ ತಾರೆಯರು ಹೀಗೆ ಎಳೆದು ತರುವುದು ಸಾಧ್ಯವೇ? ಪಂದ್ಯಗಳು ಡ್ರಾ ಆಗುತ್ತಲೇ ಇರಲಿಲ್ಲ ಎಂಬುದೂ ನಿಜವೇ?

ಮೊದಲ ಉತ್ತರ

ತಾರೆಯರ ಕೊಡುಗೆಯನ್ನು ಅಲ್ಲಗಳೆಯಲಾಗದು, ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ತಂಡಗಳ ಹೆಸರಿನಲ್ಲೇ ಆಗಿತ್ತು. ಲೀಗಿನ ಅಧ್ಯಕ್ಷ ಸಬುರೊ ಕವಾಬುಚಿ ಅವರು ತಂಡದ ಹೆಸರಿನಲ್ಲಿ ಕಂಪನಿಯ ಹೆಸರು ಇರಕೂಡದು, ತಂಡಕ್ಕೊಂದು ತವರೂರು ಇರಲೇಬೇಕು ಎಂದು ಪಟ್ಟು ಹಿಡಿದರು. ಕಶಿಮಾದ ಉದಾಹರಣೆಯನ್ನೇ ನೋಡಿ. ಹಳೆಯ ಲೀಗಿನ ಎರಡನೇ ದರ್ಜೆಯಲ್ಲಿದ್ದ ಸುಮಿತೊಮೊ ಲೋಹ ಕಾರ್ಖಾನೆಯ ತಂಡಕ್ಕೆ ಜೀಕೊ 1991ರಲ್ಲೇ ಬಂದಿದ್ದರು. ಆದರೂ ಚಾವಣಿಯಿರುವ, 15,000 ಆಸನಗಳ ಕ್ರೀಡಾಂಗಣ ಎದ್ದು ನಿಲ್ಲುವವರೆಗೆ ಆ ಪುಟ್ಟ ಊರಿಗೆ ಲೀಗಿನಲ್ಲಿ ಜಾಗ ಸಿಗುವ ಭರವಸೆ ಇರಲಿಲ್ಲ. ಅದೇ ಅಂಗಳದಲ್ಲಿ, 1993ರ ಮೇ 16ರಂದು, ನಗೋಯಾ ವಿರುದ್ಧ ಜೀಕೊ ಹ್ಯಾಟ್ರಿಕ್ ಬಾರಿಸಿದರು. ಕಶಿಮಾ 5–0ರಿಂದ ಗೆದ್ದಿತು. ಸೋತ ನಗೋಯಾ ತಂಡವೂ ಲಿನೇಕರ್ ಎಂಬ ತಾರೆಯನ್ನು ಕರೆತಂದಿತ್ತು, ಆದರೆ ಗಾಯಗಳಿಂದ ಅವರು ಆಡಿದ್ದೇ ಅಪರೂಪ.

ನನ್ನ ಮಟ್ಟಿಗೆ ಇನ್ನೂ ಗಟ್ಟಿಯಾದ ಸಾಕ್ಷ್ಯವೆಂದರೆ ಉರಾವಾ ರೆಡ್ಸ್. ಹತ್ತು ತಂಡಗಳ ಆ ಲೀಗಿನ ಎರಡೂ ಹಂತಗಳಲ್ಲಿ ಕಟ್ಟಕಡೆಯ ಸ್ಥಾನ ಪಡೆದರೂ ಅದರ ಅಭಿಮಾನಿಗಳು ಕದಲಲಿಲ್ಲ. ಗೆಲುವೂ ಇಲ್ಲದ, ಜೀಕೊನಂಥವರೂ ಇಲ್ಲದ ತಂಡಕ್ಕೆ ಅವರು ಬಂದದ್ದು ಊರಿನ ಮೇಲಿನ ಅಭಿಮಾನದಿಂದಲ್ಲದೆ ಮತ್ತೇತಕ್ಕೆ?

ಎರಡನೇ ಉತ್ತರ

ಡ್ರಾ ಇರಲಿಲ್ಲವೆಂಬುದು ನಿಜ. ತೊಂಬತ್ತು ನಿಮಿಷಗಳಲ್ಲಿ ಸಮಬಲವಾದರೆ ಹೆಚ್ಚುವರಿ ಸಮಯ. ಅಲ್ಲಿ ಮೊದಲು ಗೋಲು ಹೊಡೆದವರಿಗೆ ಅಲ್ಲಿಗೇ ಜಯ. ಅದೂ ಆಗದಿದ್ದರೆ ಪೆನಾಲ್ಟಿ. ಹೊಸ ಪ್ರೇಕ್ಷಕನನ್ನು ಫಲಿತಾಂಶವಿಲ್ಲದೆ ಮನೆಗೆ ಕಳುಹಿಸಬಾರದೆಂಬ ಲೆಕ್ಕಾಚಾರ ಅದರ ಹಿಂದೆ ಇದ್ದಂತಿದೆ. ಆಟಗಾರರ ಕಾಲುಗಳನ್ನು ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು!

ಮೂರನೇ ಉತ್ತರ

ಮೊದಲ ಉತ್ತರವನ್ನು ಪೂರ್ತಿ ಒಪ್ಪಲಾರೆ. ಮೇ 15ರ ಉದ್ಘಾಟನಾ ಪಂದ್ಯಕ್ಕೆ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಸೇರಿದ 59,626 ಮಂದಿಯಲ್ಲಿ ಬಹುಪಾಲು ಜನ ಊರಭಿಮಾನದಿಂದ ಬಂದವರೆಂದು ನಂಬುವುದು ಕಷ್ಟ. ವೆರ್ಡಿ ಕವಾಸಾಕಿಯ ವಿರುದ್ಧ ಯೊಕೊಹಾಮಾ ಮರಿನೋಸ್ 2–1ರಿಂದ ಗೆದ್ದ ಆ ಪಂದ್ಯದ ಮೂರೂ ಗೋಲುಗಳನ್ನು ಹೊಡೆದವರು ವಿದೇಶಿಯರೇ, ಗೆಲುವಿನ ಗೋಲು ರಾಮೋನ್ ಡಿಯಾಜ್ ಅವರದು. ಋತುವಿನ ಕೊನೆಯ ನಿರ್ಣಾಯಕ ಪಂದ್ಯದಲ್ಲೂ, 1994ರ ಜನವರಿಯಲ್ಲಿ, ಎಲ್ಲರ ನೆನಪಿನಲ್ಲಿ ಉಳಿದದ್ದು ವೆರ್ಡಿಯ ಪ್ರಶಸ್ತಿಗಿಂತ ಜೀಕೊ ಅವರ ಸಿಟ್ಟು: ವೆರ್ಡಿಯ ಆಟಗಾರ ಮಿಯುರಾ ಪೆನಾಲ್ಟಿ ಒದೆಯಲು ಇಟ್ಟಿದ್ದ ಚೆಂಡಿನ ಮೇಲೆ ಅವರು ಉಗಿದು, ಮೈದಾನದಿಂದ ಹೊರನಡೆಯಬೇಕಾಯಿತು. ಕಂಪನಿಯ ಹೆಸರು ಅಳಿಸಿದ ಮಾತ್ರಕ್ಕೆ ಕಂಪನಿಯ ಹಿಡಿತ ಅಳಿಯಲಿಲ್ಲವೆಂಬುದನ್ನೂ ಮರೆಯಬಾರದು. ಆ ಹತ್ತರಲ್ಲಿ ಒಂದಾಗಿದ್ದ ಯೊಕೊಹಾಮಾ ಫ್ಲೂಗೆಲ್ಸ್, ಹಣ ಹೂಡುತ್ತಿದ್ದವರು ಹಿಂದೆ ಸರಿದಾಗ, ಅದೇ ಊರಿನ ಮರಿನೋಸ್‌ನೊಳಗೆ ಕರಗಿಹೋಯಿತು.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಉರಾವಾ ಮತ್ತು ಫ್ಲೂಗೆಲ್ಸ್ ತಂಡಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಯೋಚನೆ ನನಗೆ ಹೊಳೆದಿರಲಿಲ್ಲ. ಮುಂದಿನ ಓದನ್ನು ಅಲ್ಲಿಂದಲೇ ಆರಂಭಿಸುತ್ತೇನೆ.