‘ಯೆಹೋವ ಯೀರೆ’ಗೆ ‘ನೋಡಿಕೊಳ್ಳುವ ದೇವರೇ’ ಅನ್ನಬಹುದೇ?

ಗೆಳೆಯರೇ,

ಉಡುಪಿಯ ನಮ್ಮ ಮನೆಪ್ರಾರ್ಥನೆಗಳಲ್ಲಿ ಈಚೆಗೆ ದೇವರ ಹೀಬ್ರೂ ಹೆಸರುಗಳು ಜಾಸ್ತಿ ಕೇಳಿಸುತ್ತಿವೆ. ಎಲ್ ಶದ್ದಾಯ್ (ಸರ್ವಶಕ್ತ ದೇವರು), ಯೆಹೋವ ಯೀರೆ, ಯೆಹೋವ ನಿಸ್ಸಿ (ಯೆಹೋವನೇ ನನ್ನ ಧ್ವಜ). ಹಿರಿಯರು ಈಗಲೂ ‘ಕರ್ತನೇ’, ‘ತಂದೆಯೇ’ ಎಂದೇ ಶುರುಮಾಡುತ್ತಾರೆ. ಹೊಸ ರೂಢಿ ನನಗೆ ಇಷ್ಟವೇ. ಕಷ್ಟಕ್ಕೆ ತಕ್ಕ ಹೆಸರಿನಿಂದ ದೇವರನ್ನು ಕರೆದಾಗ, ಏನು ಕೇಳುತ್ತಿದ್ದೇವೆ ಅನ್ನುವುದು ನಮಗೂ ತಿಳಿಯಾಗುತ್ತದೆ. ಆದರೆ ಒಂಟಿಯಾಗಿ ಕೂತು ಪ್ರಾರ್ಥಿಸುವಾಗ ಆ ಹೆಸರಿನ ಅರ್ಥ ಕನ್ನಡದಲ್ಲೇ ಬಾಯಿಗೆ ಬರಬೇಕು. ಅದಕ್ಕೇ ಈ ಪ್ರಶ್ನೆ.

‘ಯೆಹೋವ ಯೀರೆ’ ಬರುವುದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯದಲ್ಲಿ. ಬಲಿಗೆ ಮಗ ಇಸಾಕನ ಬದಲಿಗೆ ಟಗರು ಸಿಕ್ಕಿದ ಜಾಗಕ್ಕೆ ಅಬ್ರಹಾಮ ಇಟ್ಟ ಹೆಸರು ಅದು. ‘ಒದಗಿಸುವವನು’ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ತಪ್ಪೇನಲ್ಲ. ಆದರೆ ಹೀಬ್ರೂವಿನಲ್ಲಿ ಅದರ ಧಾತು ‘ನೋಡು’. ಅದೇ ಧಾತು ಆದಿಕಾಂಡ 16ರಲ್ಲೂ ಇದೆ. ಬಸುರಿ ದಾಸಿ ಹಾಗರಳು ಯಜಮಾನಿಯ ಕಾಟ ತಾಳದೆ ಅಡವಿಗೆ ಓಡಿಹೋಗುತ್ತಾಳೆ. ನೀರಿನ ಬುಗ್ಗೆಯ ಹತ್ತಿರ ದೇವದೂತ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಾನೆ. ಆಗ ಅವಳು ದೇವರಿಗೆ ‘ಎಲ್ ರೋಯಿ’ ಎಂದು ಹೆಸರಿಡುತ್ತಾಳೆ. ‘ನನ್ನನ್ನು ನೋಡುವ ದೇವರು’ ಎಂದು ಅರ್ಥ. ಯೀರೆ ಒಂದು ಜಾಗದ ಹೆಸರು. ನಿಸ್ಸಿ ಮೋಶೆ ಕಟ್ಟಿದ ಬಲಿಪೀಠದ ಹೆಸರು, ಯೆಹೋವ ಶಾಲೋಮ್ ಗಿದ್ಯೋನ ಕಟ್ಟಿದ್ದರ ಹೆಸರು. ಹಾಗರಳು ಮಾತ್ರ ದೇವರನ್ನೇ ‘ನೀನು’ ಎಂದು ಕರೆದು ಹೇಳಿದಳು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಬ್ಬ ದಾಸಿ! ಸ್ವಂತ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಕಾಣುವುದಿಲ್ಲ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲೂ ‘ನೋಡು’ ಇದೆ, ಅದರಿಂದಲೇ ಆದ ‘ನೋಡಿಕೊಳ್ಳು’ ಇದೆ. ಆಸ್ಪತ್ರೆ ಖರ್ಚಿಗೆ, ಮಕ್ಕಳ ಫೀಸಿಗೆ ದಾರಿ ಕಾಣದಾಗ ‘ದೇವರು ನೋಡಿಕೊಳ್ಳುತ್ತಾರೆ’ ಅನ್ನುತ್ತೇವೆ, ಅಲ್ವಾ? ತುಳುವಿನಲ್ಲೂ ಹಾಗೇ, ‘ದೇವೆರ್ ತೂವೊನುವೆರ್’. ಯಾರೂ ಕಲಿಸದೆ ಬಂದ ಮಾತು ಇದು. ಇದರೊಳಗೆ ಕಂಡದ್ದೂ ಬಂತು, ಬೇಕಾದ್ದನ್ನು ಕೊಟ್ಟದ್ದೂ ಬಂತು. ‘ಒದಗಿಸು’ವಿನಲ್ಲಿ ಕೊಡುವ ಕೈ ಇದೆ, ಕಣ್ಣು ಇಲ್ಲ. ಹಾಗಾಗಿ ರೋಯಿಗೆ ‘ನನ್ನನ್ನು ನೋಡುವ ದೇವರೇ’, ಯೀರೆಗೆ ‘ನೋಡಿಕೊಳ್ಳುವ ದೇವರೇ’ ಎಂದರೆ ಎರಡರ ನಂಟೂ ಉಳಿಯುತ್ತದೆ ಎಂದು ನನ್ನ ಅನಿಸಿಕೆ.

ಒಂದು ತೊಡಕು ಇದೆ. ‘ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂದರೆ ಜಗಳದಲ್ಲಿ ಅದು ಬೆದರಿಕೆ. ಪ್ರಾರ್ಥನೆಯಲ್ಲಿ ಆ ಛಾಯೆ ಬರುವುದಿಲ್ಲ ಎಂದೇ ನನ್ನ ನಂಬಿಕೆ. ಆದರೂ ಕೇಳುವವರಿಗೆ ಹೇಗೆ ಅನ್ನಿಸುತ್ತದೆ ಎಂದು ತಿಳಿಯಬೇಕು. (‘ದೇವರೇ, ನೀನು’ ಎಂದು ಬಹುವಚನಕ್ಕೆ ಏಕವಚನ ಸೇರಿಸುವುದು ನಮ್ಮ ಹಳೆಯ ರೂಢಿ. ಅದರ ಬಗ್ಗೆ ನನಗೆ ತಕರಾರಿಲ್ಲ.)

ಎರಡು ವಿಷಯ ಕೇಳಬೇಕಿತ್ತು. ನಿಮ್ಮ ಮನೆಯ ಪ್ರಾರ್ಥನೆಗಳಲ್ಲಿ ‘ನೋಡಿಕೊಳ್ಳುವ’ ಎಂಬ ವಿಶೇಷಣವನ್ನು ಯಾರಾದರೂ ದೇವರಿಗೆ ಹಚ್ಚಿದ್ದು ಕೇಳಿದ್ದೀರಾ? ಎರಡನೆಯದು ಮಂಗಳೂರಿನ ಕಥೋಲಿಕ ಗೆಳೆಯರಿಗೆ. ನಿಮ್ಮ ಕನ್ನಡ ಬೈಬಲಿನಲ್ಲಿ ‘ಯೆಹೋವ’ ಇರುವ ಕಡೆ ‘ಸರ್ವೇಶ್ವರ’ ಇದೆ. 2008ರಲ್ಲಿ ವ್ಯಾಟಿಕನ್ ಕೂಡ ಆರಾಧನೆಯ ಹಾಡು, ಪ್ರಾರ್ಥನೆಗಳಲ್ಲಿ ಹೀಬ್ರೂವಿನಲ್ಲಿ ನಾಲ್ಕಕ್ಷರದ ಆ ‘ಯೆಹೋವ’ ಹೆಸರನ್ನು ಉಚ್ಚರಿಸಬಾರದು ಎಂದು ತಿಳಿಸಿತು. ಹಾಗಾದರೆ ಒಂಟಿಯಾಗಿ ಪ್ರಾರ್ಥಿಸುವಾಗ ಕೊಂಕಣಿಯಲ್ಲಿ ಈ ಯೀರೆಯ ಅರ್ಥಕ್ಕೆ ನೀವು ಯಾವ ಮಾತು ಬಳಸುತ್ತೀರಿ?